ಎಡಗಡೆಯ ಸೀಟು

ಮುಂದಿನ ಎಡಗಾಲಿಯ ಡ್ರಮ್ಮು ಸುತ್ತಿಗೆಯ ಏಟಿಗೂ ಜಗ್ಗಲಿಲ್ಲ. ರೀಟಾ ಸುತ್ತಿಗೆ ಕೆಳಗಿಟ್ಟು, ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಂಡು, ಮಗುಚಿಟ್ಟ ಬೋಗುಣಿಯಂತಿದ್ದ ಆ ಕಪ್ಪು ಕಬ್ಬಿಣವನ್ನು ದುರುಗುಟ್ಟಿ ನೋಡಿದಳು.

"ಕಾಕಾ, ಇದನ್ನ ಕೊನೀ ಸಲ ಯಾವಾಗ ಬಿಚ್ಚಿದ್ರಿ?"

"ಹ್ವಾದ ವರ್ಷ ಬಿಚ್ಚಿದ್ದೆ" ಎಂದ ಮಲಕಪ್ಪ, ಅವಳ ಮುಖ ನೋಡದೆ.

"ಹ್ವಾದ ಜನ್ಮದಾಗ ಬಿಚ್ಚಿರಬೇಕು" ಎಂದು ರೀಟಾ ಮತ್ತೆ ಸುತ್ತಿಗೆ ಎತ್ತಿದಳು.

ಅಂಬೇವಾಡಿಯ ಆ ಸಣ್ಣ ಅಂಗಳದಲ್ಲಿ ಮುಂಭಾಗವನ್ನು ಜಾಕಿನ ಮೇಲೆ ಎತ್ತಿಸಿಕೊಂಡು ನಿಂತಿದ್ದದ್ದು ಎರಡೇ ಸೀಟಿನ, ಮೂತಿ ಉದ್ದದ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡನೆಯ ವಿಲಾಯತಿ ಕಾರು. ಸೈಕಲ್ಲಿಗೆ ಇರುವಂಥ ಕಡ್ಡಿಗಳ ಚಕ್ರ ಅದಕ್ಕೆ. ಕಾಗದದ ಕಾರ್ಖಾನೆಯ ಒಬ್ಬ ದೊಡ್ಡ ಸಾಹೇಬರು ಊರು ಬಿಟ್ಟು ಹೋಗುವಾಗ, ಮಾವಿನ ಮರದ ಕೆಳಗೆ ಕೋಳಿಗಳು ಮೊಟ್ಟೆ ಇಡಲು ಬಳಸುತ್ತಿದ್ದ ಈ ಕಾರನ್ನು ಫಿಟ್ಟರ್ ಮಲಕಪ್ಪನಿಗೆ, ಬೇಕಾದರೆ ಒಯ್ಯಿ ಎಂದು ಕೊಟ್ಟುಬಿಟ್ಟಿದ್ದರು. ಅದನ್ನು ಓಡುವಂತೆ ಮಾಡಲು ಮಲಕಪ್ಪನಿಗೆ ಎರಡು ಮಳೆಗಾಲ ಹಿಡಿದಿತ್ತು. ನಿಲ್ಲುವಂತೆ ಮಾಡುವುದು ಅವನು ನಿವೃತ್ತನಾಗಿ ತಲೆಗೂದಲು ಬೆಳ್ಳಗಾದರೂ ಆಗಿರಲಿಲ್ಲ.

ಹಾಗಂತ ಅದು ನಿಲ್ಲುತ್ತಲೇ ಇರಲಿಲ್ಲ ಎಂದಲ್ಲ. ನಿಲ್ಲುವ ಜಾಗ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಗೇರು ಇಳಿಸಬೇಕು, ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ ಪೆಡಲನ್ನು ಮತ್ತೆ ಮತ್ತೆ ತುಳಿಯಬೇಕು, ಹ್ಯಾಂಡ್ ಬ್ರೇಕ್ ಎಳೆಯಬೇಕು, ಉಳಿದದ್ದನ್ನು ದೇವರಿಗೆ ಬಿಡಬೇಕು. ಮಲಕಪ್ಪ ಕಿರಾಣಿ ಅಂಗಡಿಗೆ ಹೊರಟರೆ ಚಪ್ಪಲಿ ಅಂಗಡಿಯ ಮುಂದೆ ಇಳಿಯುತ್ತಾನೆ ಎಂದು ಬಜಾರಿನವರು ನಗುತ್ತಿದ್ದರು. ಅವನೂ ನಗುತ್ತಿದ್ದ. ನಕ್ಕು, ಚಪ್ಪಲಿ ಅಂಗಡಿಯಿಂದ ಹಿಂದಕ್ಕೆ ನಡೆದುಬಂದು ಸಕ್ಕರೆ ಕೊಳ್ಳುತ್ತಿದ್ದ.

ಆ ಕಾರಿನ ಎಡಗಡೆಯ ಸೀಟಿನಲ್ಲಿ ಕೂತವರು ದಾಂಡೇಲಿಯ ತುಂಬ ಇದ್ದಾರೆ. ಮದುಮಕ್ಕಳು ಕೂತಿದ್ದಾರೆ, ಯೂನಿಯನ್ ಪುಢಾರಿಗಳು ಕೂತಿದ್ದಾರೆ, ಹಾಳಾಗಿ ನಿಂತ ಬಸ್ಸಿನ ಕಂಡಕ್ಟರನೊಬ್ಬ ಟಿಕೆಟ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹಳಿಯಾಳದ ತನಕ ಕೂತುಹೋಗಿದ್ದಾನೆ. ಕೂಡದವಳು ಗುರುಬಸವ್ವ ಒಬ್ಬಳೇ, ಮಲಕಪ್ಪನ ಹೆಂಡತಿ.

ಒಂದು ಸಲ ಕೂತಿದ್ದಳು. ಕಾರು ಹೊಸದಾಗಿ ಓಡಲು ಕಲಿತಿದ್ದಾಗ, ಎಲ್ಲರಿಗಿಂತ ಮೊದಲು ಅವಳನ್ನೇ ಕೂಡಿಸಿಕೊಂಡು ಅವನು ಜೊಯಿಡಾದ ಹಾದಿ ಹಿಡಿದಿದ್ದ. ಕಾಡಿನ ನಡುವೆ ಒಂದು ಉದ್ದನೆಯ ಇಳಿಜಾರಿನಲ್ಲಿ ಪೆಡಲು ನೆಲಕ್ಕೆ ಅಂಟಿಕೊಂಡಿತು. ಅವನು ಬಾಯಿ ಬಿಡಲಿಲ್ಲ, ಆದರೆ ಅವಳು ಅವನ ಮುಖ ನೋಡಿದಳು, ಬಾಗಿಲು ತೆಗೆದು ಹಾರಿದಳು. ಕಾರು ಬಿದಿರಿನ ಮೆಳೆಗೆ ಹೋಗಿ ಹಾಸಿಗೆಗೆ ಒರಗಿದಂತೆ ಒರಗಿತು, ಅವನಿಗೆ ಒಂದು ಗೀರೂ ಆಗಲಿಲ್ಲ. ಅವಳ ಎಡಭುಜ ಮುರಿಯಿತು. ಕೂಡಿಕೊಂಡ ಮೇಲೂ ಆ ಕೈ ಭುಜದಿಂದ ಮೇಲಕ್ಕೆ ಏಳಲಿಲ್ಲ. ಅಂದಿನಿಂದ ದಿನಾ ಬೆಳಗ್ಗೆ ಅವಳ ತಲೆ ಬಾಚಿ ತುರುಬು ಕಟ್ಟುವವನು ಮಲಕಪ್ಪನೇ. ಫಿಟ್ಟರನ ಕೈ, ನಟ್ಟು ಬಿಗಿದ ಹಾಗೆ ಕಟ್ಟುತ್ತಾನೆ. ಸಂಜೆಯ ತನಕ ಒಂದು ಎಳೆ ಅಲುಗುವುದಿಲ್ಲ.

ಅವಳು ಅವನನ್ನು ಬೈಯಲಿಲ್ಲ, ಕಾರನ್ನೂ ಬೈಯಲಿಲ್ಲ. ಅಂಗಳದಲ್ಲಿ ಬಟ್ಟೆ ಒಣಹಾಕಲು ಹೋಗುವಾಗ, ಅದರಿಂದ ಒಂದು ಮಾರು ದೂರ ಸುತ್ತಿಕೊಂಡು ಹೋಗುತ್ತಿದ್ದಳು, ಅಷ್ಟೇ. ಅಷ್ಟೇ ಎಂಬುದು ಮಲಕಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ನೋಯುತ್ತಿತ್ತು.

ಈಗ ಜೊಯಿಡಾದ ತಾಲೂಕು ಕಚೇರಿಯಲ್ಲಿ ಕೆಲಸ ಮಾಡುವ ಮಗಳು ನಿರ್ಮಲಾಗೆ ಏಳು ತಿಂಗಳು. ಶುಕ್ರವಾರ ಕುಬಸ, ಬಸುರಿಯ ಸೀಮಂತ. ಹಸಿರು ಸೀರೆ, ಬಳೆ, ಹೂವು, ಬುತ್ತಿಯ ಬುಟ್ಟಿ ಎಲ್ಲ ತಾಯಿಯೇ ಒಯ್ಯಬೇಕು. ಜೊಯಿಡಾದ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಲಕಪ್ಪ ಧೈರ್ಯ ಮಾಡಿ, "ಕಾರಿನಾಗ ಬಾ" ಎಂದಿದ್ದ. ಗುರುಬಸವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಅದು ನಿಂದರೂದನ್ನ ನನ್ನ ಕಣ್ಣಿಲೆ ನೋಡಬೇಕು. ಆಮ್ಯಾಲ ವಿಚಾರ ಮಾಡೂಣು" ಎಂದಿದ್ದಳು.

ವಿಚಾರ ಮಾಡೂಣು ಎಂಬ ಮಾತನ್ನು ಮಲಕಪ್ಪ ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಚಹಾ ಕೂಡ ಕುಡಿಯದೆ ಹಳಿಯಾಳದ ಹಾದಿಯಲ್ಲಿದ್ದ ರೀಟಾಳ ಗ್ಯಾರೇಜಿಗೆ ಓಡಿದ.

ರೀಟಾ ಸಿದ್ದಿಯರ ಹುಡುಗಿ. ಅಪ್ಪ ಕಾಯತಾನ ಕಟ್ಟಿಗೆ ಡಿಪೋದ ಲಾರಿ ಓಡಿಸುತ್ತಿದ್ದವನು, ಮಗಳು ಆ ಲಾರಿಯ ಕೆಳಗೇ ಬೆಳೆದವಳು. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳಲು ಅವಳಿಗೆ ಸಂಕೋಚವಿಲ್ಲ, ಬೇರೆಯವರ ಕೆಲಸವನ್ನು ತೆಗಳಲು ಅದಕ್ಕಿಂತಲೂ ಇಲ್ಲ. ಹಳೆಯ ಬ್ರೇಕನ್ನು ಬಿಗಿ ಮಾಡಿಕೊಡು ಎಂದರೆ, "ರಿಪೇರಿ ಮಾಡೂದಿಲ್ಲ ಕಾಕಾ, ತಗದ ಒಗೀತೇನಿ" ಎಂದಳು. ಹುಬ್ಬಳ್ಳಿಯ ಗುಜರಿಯಲ್ಲಿ ಬಿದ್ದಿದ್ದ ಒಂದು ಹೊಸ ಕಾಲದ ಕಾರಿನಿಂದ ಮುಂದಿನ ಎರಡು ಗಾಲಿಗಳ ಡಿಸ್ಕ್ ಬ್ರೇಕು ಬಿಚ್ಚಿ ತಂದಳು. ಹಳಿಯಾಳದ ಲೇತ್ ಅಂಗಡಿಯಲ್ಲಿ ತಾನೇ ನಿಂತು, ಅವು ಈ ಮುದಿ ಕಾರಿಗೆ ಕೂಡುವಂತೆ ಕೊರೆಸಿದಳು.

ಕೊನೆಗೂ ಡ್ರಮ್ಮು ಕಳಚಿ ಬಂತು. ಒಳಗಿನಿಂದ ಒಂದು ಬೊಗಸೆ ಕಪ್ಪು ಹುಡಿ ಉದುರಿತು. ಚಕ್ರವನ್ನು ಹಿಡಿದು ನಿಲ್ಲಿಸಬೇಕಾಗಿದ್ದ ಪಟ್ಟಿಗಳು ಸವೆದು ಹಪ್ಪಳವಾಗಿದ್ದವು. ರೀಟಾ ಅವನ್ನು ಬೆರಳಿನಿಂದ ತಟ್ಟಿ ನೋಡಿ, ಮಲಕಪ್ಪನ ಕಡೆಗೆ ಚಾಚಿದಳು. ಇದನ್ನು ನಂಬಿಕೊಂಡು ತಾನು ಊರಿನ ಅರ್ಧ ಜನರನ್ನು ಪಕ್ಕದಲ್ಲಿ ಕೂಡಿಸಿಕೊಂಡು ತಿರುಗಿದೆನಲ್ಲ ಎಂದುಕೊಳ್ಳುತ್ತ ಮಲಕಪ್ಪ ಉದುರಿದ ಹುಡಿಯನ್ನು ಕಾಲಿನಿಂದ ಮಣ್ಣಿಗೆ ಸೇರಿಸಿದ.

ಮಧ್ಯಾಹ್ನದ ಹೊತ್ತಿಗೆ ಡಿಸ್ಕು ಕೂತಿತು. ಎರಡೂ ಮೈ ತಿಕ್ಕಿ ನುಣುಪು ಮಾಡಿದ ಉಕ್ಕಿನ ತಟ್ಟೆ, ಬಿಸಿಲು ಬಿದ್ದು ಅಂಗಳದ ಗೋಡೆಯ ಮೇಲೆ ಬೆಳಕಿನ ಬಿಲ್ಲೆ ಕುಣಿಯಿತು. ಆ ಬೆಳಕೇ ಗುರುಬಸವ್ವನನ್ನು ಅಡಿಗೆಮನೆಯಿಂದ ಹೊರಗೆ ಕರೆತಂದಿತೋ ಏನೋ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಏನಿದು?"

"ಇದ ನೋಡ್ರಿ ಕಾಕು ಬ್ರೇಕು" ಎಂದಳು ರೀಟಾ. "ಈ ತಾಟು ಗಾಲಿ ಜೋಡಿ ತಿರಗತೈತಿ. ಈ ಕಡೆ ಒಂದು, ಆ ಕಡೆ ಒಂದು ಪ್ಯಾಡ್ ಅದಾವಲ್ಲ, ಕಾಕಾ ತುಳದ್ರಂದ್ರ ಎರಡೂ ಕೂಡಿ ಇದನ್ನ ಗಪ್ಪಂತ ಹಿಡಕೋತಾವು."

"ಹಿಂಗ ಬಯಲಾಗ ಇರತೈತಿ? ಯಾರ ಬೇಕಾದ್ರೂ ನೋಡಬಹುದು?"

"ಗಾಲಿ ಹಾಕಿದ ಮ್ಯಾಲೂ ಕಡ್ಡಿ ನಡಕ ಕಾಣತೈತಿ."

ಯಾವುದು ಇದನ್ನು ನಿಲ್ಲಿಸುತ್ತದೆ ಎಂದು ಗುರುಬಸವ್ವ ಹಿಂದೆ ಗಂಡನನ್ನು ಎಷ್ಟೋ ಸಲ ಕೇಳಿದ್ದಳು. ಅದು ಒಳಗ ಐತಿ ಎಂದೇ ಅವನು ಹೇಳುತ್ತಿದ್ದ. ಒಳಗೆ ಇರುವುದನ್ನು ನಂಬಿ ಅವಳು ಒಮ್ಮೆ ಕೂತಿದ್ದಳು. ಈಗ ಬಗ್ಗಿ, ಆ ತಟ್ಟೆಯ ಅಂಚನ್ನು ಬಲಗೈಯಲ್ಲಿ ಹಿಡಿದು ತಿರುಗಿಸಿದಳು. ಅದು ಬೀಸುವ ಕಲ್ಲಿಗಿಂತ ಹಗುರಾಗಿ ತಿರುಗಿತು.

"ನೀವು ಒಳಗ ಕೂತು ಒತ್ತರಿ" ಎಂದಳು ಗಂಡನಿಗೆ.

ಮಲಕಪ್ಪ ಕೂತು ಒತ್ತಿದ. ತಟ್ಟೆ ಅವಳ ಕೈಯಲ್ಲಿ ಇದ್ದಲ್ಲಿಯೇ ನಿಂತಿತು. ಅವಳು ಮೈಭಾರ ಹಾಕಿದಳು, ಒಂದು ಎಳ್ಳಿನಷ್ಟೂ ಅಲುಗಲಿಲ್ಲ.

"ಬಿಡ್ರಿ."

ತಿರುಗಿತು.

"ಒತ್ತರಿ."

ನಿಂತಿತು. ಒಳಗೆ ಕೂತ ಮಲಕಪ್ಪನಿಗೆ ಅವಳ ತುರುಬು ಮಾತ್ರ ಕಾಣುತ್ತಿತ್ತು. ಅವಳು ಒತ್ತರಿ ಎಂದಾಗ ಒತ್ತುತ್ತ, ಬಿಡ್ರಿ ಎಂದಾಗ ಬಿಡುತ್ತ ಅವನು ಎಷ್ಟೋ ಹೊತ್ತು ಕೂತ. ಭುಜ ಮುರಿದ ಮೇಲೆ ಕಾರಿನ ವಿಷಯದಲ್ಲಿ ಅವಳು ಅವನೊಡನೆ ಇಷ್ಟು ಮಾತಾಡಿದ್ದೇ ಇರಲಿಲ್ಲ. ರೀಟಾ ಕೆಲಸ ಬಿಟ್ಟು, ಕಲ್ಲಿನ ಮೇಲೆ ಕೂತು ನೀರು ಕುಡಿಯುತ್ತ ಇಬ್ಬರನ್ನೂ ನೋಡುತ್ತಿದ್ದಳು.

ಮರುದಿನ ಬೆಳಗ್ಗೆ ಪರೀಕ್ಷೆ ಎಂದು ನಿಶ್ಚಯವಾಯಿತು. ಕೋಗಿಲಬನದ ಕಡೆ ಕಾಳಿ ನದಿಗೆ ಇಳಿಯುವ ಒಂದು ಇಳಿಜಾರು, ಅದರ ನಡುವೆ ರಸ್ತೆಗೆ ಹತ್ತಿಕೊಂಡು ಒಂದು ಮತ್ತಿಯ ಮರ. ಗುರುಬಸವ್ವ ಆಟೋದಲ್ಲಿ ಮೊದಲೇ ಹೋಗಿ ಮರದ ಕೆಳಗೆ ನಿಂತಳು. ಇಲ್ಲಿ ನಿಲ್ಲಬೇಕು ಎಂಬುದು ಅವಳ ಕರಾರು. ಇಳಿಜಾರಿನ ತನಕ ಏರು ಹಾದಿ, ಬ್ರೇಕು ಮುಟ್ಟುವ ಪ್ರಸಂಗ ಬಂದಿರಲಿಲ್ಲ. ಮೇಲಿನಿಂದ ಮಲಕಪ್ಪ ಕಾರು ಬಿಟ್ಟ. ರೀಟಾ ಎಡಗಡೆ ಕೂತಿದ್ದಳು, "ಒಮ್ಮೆ ತುಳೀರಿ ಕಾಕಾ, ಒಮ್ಮೆ ಅಷ್ಟ. ಆ ಪಂಪ್ ಹೊಡಿಯೂದು ಮರೀರಿ" ಎಂದು ಹಾದಿಯುದ್ದಕ್ಕೂ ಹೇಳಿದ್ದನ್ನೇ ಹೇಳುತ್ತಿದ್ದಳು.

ಮರ ಹತ್ತಿರ ಬಂತು. ಮಲಕಪ್ಪ ಒಮ್ಮೆ ತುಳಿದ.

ಪೆಡಲು ಗಟ್ಟಿಯಾಗಿಯೇ ಇತ್ತು, ಕಾರು ಮಾತ್ರ ಕೇಳಲಿಲ್ಲ. ಬೆಣ್ಣೆಯ ಮೇಲೆ ಜಾರಿದ ಹಾಗೆ ಮುಂದೆ ಹೋಯಿತು. ಮರ ಬಂತು, ಮರದ ಕೆಳಗಿನ ಗುರುಬಸವ್ವ ಬಂದಳು, ಅವನು ಅವಳನ್ನು ನೋಡಿದ, ಅವಳು ಅವನ ಮುಖ ನೋಡಿದಳು. ಹಿಂದೊಮ್ಮೆ ನೋಡಿದ್ದ ಅದೇ ಮುಖ. ಕಾರು ಅವಳನ್ನು ದಾಟಿ ಇಳಿದುಹೋಯಿತು. ಗೇರು ಕೆಳಗಿಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಳೆಯ ವಿದ್ಯೆಯನ್ನೆಲ್ಲ ಖರ್ಚು ಮಾಡಿದ ಮೇಲೆ, ನದಿಯ ಹತ್ತಿರದ ಪೊದೆಯಲ್ಲಿ ಮೂತಿ ತೂರಿಸಿ ಅದು ನಿಂತಿತು.

ರೀಟಾಳ ಮುಖ ಕಳೆಗುಂದಿತ್ತು. "ನನ್ನ ಕೆಲಸ ಹಿಂಗ ಆಗೂದಿಲ್ಲ" ಎಂದಳು, ಮತ್ತೆ ಅದನ್ನೇ ಹೇಳಿದಳು. ಇಳಿದವಳೇ ಜಾಕು ಕೊಟ್ಟು ಗಾಲಿ ಬಿಚ್ಚಿದಳು. ತಟ್ಟೆಯ ಮೇಲೆ ಬೆರಳಾಡಿಸಿದಳು, ಬೆರಳನ್ನು ಮೂಗಿಗೆ ಹಿಡಿದಳು.

"ಎಣ್ಣಿ" ಎಂದಳು.

"ಇಂಜಿನ್ ಎಣ್ಣಿ? ಎಲ್ಲಿಂದ ಸೋರತೈತಿ?"

"ಇಂಜಿನ್ನಿಂದಲ್ಲ. ಶೇಂಗಾ ಎಣ್ಣಿ, ಕಾಕಾ."

ಗುರುಬಸವ್ವ ಇಳಿಜಾರಿನಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದಳು. ಬಂದು, ಬಿಚ್ಚಿಟ್ಟ ಗಾಲಿಯನ್ನೂ ರೀಟಾಳ ಬೆರಳನ್ನೂ ನೋಡಿದಳು. ಯಾರೂ ಕೇಳುವ ಮೊದಲೇ ಹೇಳಿದಳು. "ನಾನ ಹಚ್ಚೀನಿ. ರಾತ್ರಿ ಇಬ್ಬನಿಗೆ ಕೆಂಪಗ ತುಕ್ಕು ಹತ್ತಿತ್ತು. ಹೊಸಾದು, ಹಾಳಾಗತೈತಿ ಅಂತ ಹುಣಸಿಹಣ್ಣು ಹಚ್ಚಿ ತಿಕ್ಕಿ ತೊಳದು, ಎಣ್ಣಿ ಸವರಿದೆ. ರೊಟ್ಟಿ ಹಂಚಿಗೆ ಸವರಿದಂಗ."

"ಅಯ್ಯ ಕಾಕು" ಎಂದಳು ರೀಟಾ. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. "ಆ ತುಕ್ಕು ಎರಡ ಸಲ ಬ್ರೇಕ್ ಹಾಕಿದ್ರ ತಾನ ಹೋಗತೈತಿ. ಅದಕ್ಕ ಎಣ್ಣಿ ಮುಟ್ಟಸಬಾರದ್ರೀ. ಎಣ್ಣಿ ಬಿದ್ರ ಪ್ಯಾಡು ಹಿಡಕೊಳ್ಳೂದಿಲ್ಲ."

"ನನಗ ಯಾರು ಹೇಳಿದ್ರು?"

ಹೌದು, ಯಾರೂ ಹೇಳಿರಲಿಲ್ಲ. ಎಷ್ಟೋ ವರ್ಷಗಳಿಂದ ಕಾರನ್ನು ಸುತ್ತುಬಳಸಿ ಹೋಗುವವಳು ಅದರ ಹತ್ತಿರ ಕೂತು ಆರೈಕೆ ಮಾಡಿಯಾಳು ಎಂದು ಯಾರಿಗೆ ಹೊಳೆಯಬೇಕು?

ಮಲಕಪ್ಪನ ಕಣ್ಣಿಗೆ ಕಟ್ಟಿದ್ದು ಬೇರೆಯೇ. ತಾನು ಒಳಗೆ ಚಹಾ ಹೀರುತ್ತಿದ್ದಾಗ ಇವಳು ಅಂಗಳದಲ್ಲಿ ಮಂಡಿಯೂರಿದ್ದಾಳೆ, ಚಕ್ರದ ಕಡ್ಡಿಗಳ ನಡುವೆ ಕೈ ತೂರಿಸಿ, ಎಣ್ಣೆಯ ಬಟ್ಟೆಯಿಂದ ಆ ತಟ್ಟೆಯನ್ನು ಸುತ್ತ ಸವರಿದ್ದಾಳೆ. ಮುಟ್ಟಿದ್ದಾಳೆ.

"ನಾಲ್ಕೂ ಗಾಲಿಗೆ ಹಚ್ಚಿದ್ಯಾ?" ಎಂದ.

"ಎರಡಕ್ಕ. ಹಿಂದಿನವು ಕಾಣಸೂದಿಲ್ಲಲ್ಲ."

ಮಲಕಪ್ಪ ನಗಲು ಶುರು ಮಾಡಿದ. ನಕ್ಕು ನಕ್ಕು ಕಾರಿನ ಮೂತಿಗೆ ಒರಗಿ, ಕಣ್ಣು ಒರೆಸಿಕೊಂಡ. ಗುರುಬಸವ್ವ ನಗಲಿಲ್ಲ. ಅವಳ ತುಟಿ ಬಿಳಿಚಿತ್ತು. "ನಗಬ್ಯಾಡ್ರಿ" ಎಂದಳು. "ಹೊಳಿ ಎಷ್ಟ ದೂರ ಐತಿ ನೋಡ್ರಿ. ನನ್ನ ಕೈಲೆನ ನಿಮ್ಮನ್ನ ಕಳಸತಿದ್ದೆ."

ಅವನ ನಗು ನಿಂತಿತು. ಆ ಭುಜದ ಮಾತು ಅವನ ನಾಲಗೆಯ ತುದಿಗೆ ಬಂದು, ಎಂದಿನಂತೆ ಹಿಂದಕ್ಕೆ ಹೋಯಿತು. "ಗಾಡಿ ಅಂದ್ರ ಹಂಗ" ಎಂದಷ್ಟೇ ಹೇಳಿದ.

ಎಣ್ಣೆ ಕುಡಿದ ಪ್ಯಾಡು ಕೆಲಸಕ್ಕೆ ಬರುವುದಿಲ್ಲ, ಹೊಸವೇ ಆಗಬೇಕು. ಹಳಿಯಾಳದಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕಾಯಿತು. ಅವು ರೀಟಾಳ ಕೈ ಸೇರಿದ್ದು ಗುರುವಾರ ದೀಪ ಹಚ್ಚುವ ಹೊತ್ತಿಗೆ. ಶುಕ್ರವಾರ ನಸುಕಿನಲ್ಲೇ ಅವಳು ಅಂಗಳಕ್ಕೆ ಬಂದು ತಟ್ಟೆಗಳನ್ನು ಪೆಟ್ರೋಲಿನಿಂದ ತೊಳೆದಳು, ಪ್ಯಾಡು ಕೂಡಿಸಿದಳು, ಓಣಿಯ ಕೊನೆಯ ತನಕ ಒಬ್ಬಳೇ ಓಡಿಸಿಕೊಂಡು ಹೋಗಿ ಬಂದಳು. ಅಷ್ಟರಲ್ಲಿ ಬಿಸಿಲು ಬಂದಿತ್ತು. ಇಳಿಜಾರಿಗೆ ಹೋಗಿ ಮತ್ತೆ ಪರೀಕ್ಷೆ ಮಾಡಲು ಹೊತ್ತಿರಲಿಲ್ಲ. ಹನ್ನೊಂದಕ್ಕೆ ಮುಹೂರ್ತ.

ಗುರುಬಸವ್ವ ಬುಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತಳು. ಮಲಕಪ್ಪ ಅವಳ ಕಡೆ ನೋಡಲಾರದೆ, "ಬಸ್ಸಿಗೆ ಹೋಗ್ತೀ ಅಂದ್ರ ಸ್ಟ್ಯಾಂಡಿನ ತನಕ ನಡಕೋತ ಬರ್ತೇನಿ. ಬುಟ್ಟಿ ನಾ ಹೊರತೇನಿ" ಎಂದ. ಕಣ್ಣಿನಿಂದ ನೋಡದೆ ಅವಳು ಕೂಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನೋಡಿದ್ದೇ ಆದರೆ ಅವಳು ನೋಡಿದ್ದು ನಿಲ್ಲದ ಕಾರನ್ನು.

ಗುರುಬಸವ್ವ ರೀಟಾಳನ್ನು ಕೇಳಿದಳು. "ನೀ ಓಡಿಸಿ ನೋಡಿದಿ?"

"ನೋಡೀನಿ ಕಾಕು. ನಿಂದರತೈತಿ."

ಅವಳು ಕಾರಿನ ಎಡಗಡೆಗೆ ಹೋದಳು. ಬಾಗಿಲ ಹಿಡಿಕೆ ಹೇಗೆ ತಿರುಗುತ್ತದೆಂದು ಅವಳಿಗೆ ನೆನಪಿರಲಿಲ್ಲ, ರೀಟಾ ತೆಗೆದುಕೊಟ್ಟಳು. ತಗ್ಗಿನ ಸೀಟು, ಬಾವಿಗೆ ಇಳಿದಂತೆ ಇಳಿದು ಕೂತಳು. ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಲಕಪ್ಪ ಚಾವಿ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ, ರೀಟಾ ಅವನನ್ನು ಒಳಗೆ ನೂಕಬೇಕಾಯಿತು.

ಊರು ಹಿಂದೆ ಬಿತ್ತು, ಕಾಡು ಎರಡೂ ಕಡೆಯಿಂದ ಹತ್ತಿರ ಬಂತು. ಆ ಕಾರಿನಲ್ಲಿ ಕಾಲು ಚಾಚಿಯೇ ಕೂಡಬೇಕು. ಗುರುಬಸವ್ವನ ಎರಡೂ ಪಾದಗಳು ಎದುರಿನ ಹಲಗೆಗೆ ಊರಿಕೊಂಡಿದ್ದವು. ತಿರುವು ಬಂದರೆ ಅವು ಒತ್ತುತ್ತಿದ್ದವು, ಎದುರಿಗೆ ಲಾರಿ ಬಂದರೆ ಒತ್ತುತ್ತಿದ್ದವು. ಮಲಕಪ್ಪ ಒಮ್ಮೆ ಬ್ರೇಕ್ ತುಳಿದರೆ ಅವಳು ನಾಲ್ಕು ಸಲ ತುಳಿಯುತ್ತಿದ್ದಳು. ಅವನು ನೋಡಿಯೂ ನೋಡದವನಂತೆ ಓಡಿಸಿದ.

ಆ ಇಳಿಜಾರು ಬಂತು. ಬಿದಿರಿನ ಮೆಳೆ ಈಗ ಇರಲಿಲ್ಲ, ಹೂ ಬಿಟ್ಟು ಒಣಗಿ ಯಾವಾಗಲೋ ಹೋಗಿತ್ತು. ಆದರೂ ಇಬ್ಬರಿಗೂ ಜಾಗ ಗೊತ್ತಿತ್ತು. ಮಲಕಪ್ಪ ಎರಡೂ ಕೈಯಿಂದ ಸ್ಟೀರಿಂಗು ಹಿಡಿದುಕೊಂಡ. ಕಾರು ಇಳಿಯುತ್ತಿದ್ದಂತೆ, ಕೆಳಗಿನ ತಿರುವಿನಲ್ಲಿ ಎಡಗಡೆಯ ಕಾಡು ತಾನೇ ಅಲುಗಿ ರಸ್ತೆಗೆ ಬಂದಿತು.

ಕಾಡುಕೋಣ. ಕರಿಯ ಬಂಡೆಯೊಂದು ಎದ್ದು ನಡೆದಂತಿತ್ತು.

ಅವನು ತುಳಿದ. ಒಂದೇ ಸಲ. ಎಡಗೈ ತನ್ನಷ್ಟಕ್ಕೆ ಹೋಗಿ ಗುರುಬಸವ್ವನ ಎದೆಗೆ ಅಡ್ಡವಾಯಿತು. ಮುಂದಿನ ಚಕ್ರಗಳು ನೆಲವನ್ನು ಕಚ್ಚಿದವು, ಕಾರು ಮೂತಿ ಬಗ್ಗಿಸಿ, ಒಮ್ಮೆ ತೂಗಿ, ನಿಂತಿತು. ಎಲ್ಲಿ ನಿಲ್ಲು ಎಂದನೋ ಅಲ್ಲಿಯೇ. ತನ್ನ ಕಾಲಿನ ಮಾತನ್ನು ಈ ಕಾರು ಕೇಳಿದ್ದು ಮಲಕಪ್ಪನಿಗೆ ಇದೇ ಮೊದಲು.

ಇಂಜಿನ್ನು ಆರಿಹೋಯಿತು. ಕಾರಿನ ಮೂತಿಗೂ ಕೋಣಕ್ಕೂ ನಡುವೆ ಒಂದು ಎತ್ತಿನ ಗಾಡಿ ಹಿಡಿಸುವಷ್ಟು ಜಾಗವಿತ್ತು. ಗಿಡ್ಡನೆಯ ಕಾರು, ತಲೆಯೆತ್ತಿದರೂ ಅವರಿಗೆ ಅದರ ಬೆನ್ನು ಪೂರ್ತಿ ಕಾಣಲಿಲ್ಲ. ಮೊಣಕಾಲಿನ ತನಕ ಬಿಳಿ, ಮೇಲೆಲ್ಲ ಎಣ್ಣೆಗಪ್ಪು. ಅದರ ಉಸಿರು ಬೆಳಗಿನ ಚಳಿಯಲ್ಲಿ ಹೊಗೆಯಾಗಿ ಏಳುತ್ತಿತ್ತು. ಹಿಂದೆಯೇ ಹೆಣ್ಣುಗಳು ಬಂದವು, ಅವುಗಳ ನಡುವೆ ಕಂದು ಬಣ್ಣದ ಕರುವೊಂದು ಎಡವುತ್ತ ಬಂತು. ದೊಡ್ಡದು ಅಷ್ಟೂ ಹೊತ್ತು ರಸ್ತೆಯ ನಡುವೆ ನಿಂತು ಇವರಿಬ್ಬರನ್ನು ನೋಡುತ್ತಿತ್ತು. ಅದರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಗುರುಬಸವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು, ಅದು ಹೆದರಿಕೆಯ ನೀರಾಗಿರಲಿಲ್ಲ.

ಕರು ದಾಟಿದ ಮೇಲೆ ದೊಡ್ಡದು ತಿರುಗಿ ಕಾಡಿಗೆ ಇಳಿಯಿತು. ಸ್ವಲ್ಪ ಹೊತ್ತು ಒಣಗಿದ ಎಲೆಗಳ ಸದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ.

ಮಲಕಪ್ಪ ತನ್ನ ಕೈ ಇನ್ನೂ ಅವಳಿಗೆ ಅಡ್ಡವಿರುವುದನ್ನು ಕಂಡು ಹಿಂದಕ್ಕೆ ತೆಗೆದುಕೊಂಡ. ಏನಾದರೂ ಹೇಳಬೇಕೆಂದು ಅವಳ ಕಡೆ ತಿರುಗಿದ.

ಗುರುಬಸವ್ವ ಬುಟ್ಟಿಯನ್ನು ಒಂದು ಕಡೆ ಒರಗಿಸಿ, ಚಪ್ಪಲಿ ಕಳಚುತ್ತಿದ್ದಳು. ಎರಡೂ ಚಪ್ಪಲಿಗಳನ್ನು ಜೋಡಿಸಿ ಕೆಳಗಿಟ್ಟಳು. ಮನೆಯಲ್ಲಿ ಮಣೆಯ ಮೇಲೆ ಕೂಡುವ ಹಾಗೆ ಕಾಲುಗಳನ್ನು ಮೇಲಕ್ಕೆ ಎಳೆದುಕೊಂಡು, ಸೀರೆಯೊಳಗೆ ಮಡಚಿ, ಸೀಟಿಗೆ ಬೆನ್ನು ಕೊಟ್ಟು ಕೂತಳು.